ತಿರುಗದ ಚೆಂಡಿನ ಮೋಹ: ನಕಲ್‌ಬಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಬಾಲ್ ನೋಡುತ್ತೇನೆ ಎಂದರೆ ನಮ್ಮ ಕಡೆ ಜನ ಹುಬ್ಬೇರಿಸುತ್ತಾರೆ. ಅದರಲ್ಲೂ ನಕಲ್‌ಬಾಲ್ ಎಸೆಯುವವರೆಂದರೆ ನನಗೆ ಪ್ರಾಣ ಎಂದರೆ ಏರಿದ ಹುಬ್ಬು ಕೆಳಗಿಳಿಯುವುದೇ ಇಲ್ಲ. ಮನೆಯವರು, ಗೆಳೆಯರು, ಅಮೆರಿಕದಲ್ಲಿರುವ ಅಕ್ಕನ ಮಕ್ಕಳು ಕೇಳುತ್ತಲೇ ಬಂದ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ಬರೆದಿಟ್ಟರೆ ನನ್ನ ಗಂಟಲಿಗೆ ಸ್ವಲ್ಪ ಬಿಡುವು ಸಿಕ್ಕೀತು.

ನಕಲ್‌ಬಾಲ್ ಎಂದರೆ ನಕಲಿ ಚೆಂಡೇ?

ಅಲ್ಲ. ನಗಬೇಡಿ, ನಮ್ಮ ದೊಡ್ಡಪ್ಪ ಗಂಭೀರವಾಗಿಯೇ ಕೇಳಿದ ಪ್ರಶ್ನೆ ಇದು. ಚೆಂಡು ಗಾಳಿಯಲ್ಲಿ ಹೆಚ್ಚುಕಡಿಮೆ ತಿರುಗದಂತೆ ಎಸೆಯುವ ಬೇಸ್‌ಬಾಲ್ ಎಸೆತ ಇದು. ಇಲ್ಲಿ ನಕಲ್ ಎಂದರೆ ಬೆರಳಿನ ಗೆಣ್ಣು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಎಸೆತವನ್ನು ರೂಢಿಗೆ ತಂದವರಲ್ಲಿ ಎಡ್ಡಿ ಸಿಕಾಟ್ ಒಬ್ಬರು. ಬೆರಳು ಮಡಚಿ, ಗೆಣ್ಣುಗಳನ್ನು ಚೆಂಡಿಗೆ ಒತ್ತಿ ಎಸೆಯುತ್ತಿದ್ದ ಅವರಿಗೆ 'ನಕಲ್ಸ್' ಎಂಬ ಅಡ್ಡಹೆಸರೇ ಇತ್ತು. 1919ರ ವಿಶ್ವ ಸರಣಿಯನ್ನು (ವರ್ಷದ ಕೊನೆಯ ಪ್ರಶಸ್ತಿ ಹಣಾಹಣಿ) ಹಣಕ್ಕಾಗಿ ಸೋತ ಹಗರಣದಲ್ಲಿ ಸಿಕ್ಕಿ ಆಟದಿಂದಲೇ ಹೊರಬಿದ್ದವರೂ ಅವರೇ. ಆಮೇಲೆ ಬಂದವರು ಗೆಣ್ಣು ಬಿಟ್ಟು ಉಗುರು ಹಿಡಿದರು. ಹೆಸರು ಮಾತ್ರ ಬದಲಾಗಲಿಲ್ಲ.

ಹಾಗಾದರೆ ಹಿಡಿಯುವುದು ಹೇಗೆ?

ತೋರುಬೆರಳು ಮತ್ತು ನಡುಬೆರಳಿನ ಉಗುರಿನ ತುದಿಯನ್ನು ಹೊಲಿಗೆಯ ಹಿಂದುಗಡೆ ಚರ್ಮಕ್ಕೆ ಊರಬೇಕು. ಹೆಬ್ಬೆರಳು ಕೆಳಗೆ, ಉಂಗುರಬೆರಳು ಪಕ್ಕದಲ್ಲಿ ಆಸರೆಗೆ. ಅಂಗೈ ಚೆಂಡಿಗೆ ತಾಗಬಾರದು. ಎಸೆಯುವಾಗ ಮಣಿಕಟ್ಟನ್ನು ಕೊಡವದೆ ಗಟ್ಟಿಯಾಗಿ ಇಟ್ಟುಕೊಂಡು, ಎರಡೂ ಬೆರಳು ಒಂದೇ ಕ್ಷಣದಲ್ಲಿ ಚೆಂಡನ್ನು ಬಿಡುವಂತೆ ಮುಂದಕ್ಕೆ ತಳ್ಳಬೇಕು. ಒಂದು ಬೆರಳು ಕೂದಲೆಳೆಯಷ್ಟು ತಡವಾಗಿ ಬಿಟ್ಟರೂ ಚೆಂಡು ತಿರುಗುತ್ತದೆ. ತಿರುಗಿದರೆ ಕೆಲಸ ಕೆಟ್ಟಿತು.

ನಮ್ಮ ಮನೆಯ ತಾರಸಿಯ ಮೇಲೆ ಒಂದು ಭಾನುವಾರ ಇಡೀ ಬೆಳಗ್ಗೆ ಇದನ್ನು ಪ್ರಯತ್ನಿಸಿದೆ. ತಿರುಗುವುದು ಕಾಣಲಿ ಎಂದು ಚೆಂಡಿನ ಮೇಲೆ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿದ್ದೆ. ನೀರಿನ ಟ್ಯಾಂಕಿನ ಗೋಡೆಗೆ ಎಸೆದ ನೂರಾರು ಎಸೆತಗಳಲ್ಲಿ ಗೆರೆ ನಿಂತಲ್ಲೇ ನಿಂತು ಸಾಗಿದ್ದು ಮೂರೇ ಸಲ. ಮೂರರಲ್ಲಿ ಒಂದು ಗೋಡೆಯ ಹತ್ತಿರ ಹೋಗಿ ಯಾರೋ ಕೆನ್ನೆಗೆ ಹೊಡೆದಂತೆ ಎಡಕ್ಕೆ ವಾಲಿತು. ಆಗ ನನ್ನ ಬಾಯಿಂದ ಹೊರಟ ಸದ್ದಿಗೆ ಕೆಳಮನೆಯವರು ಹೊರಗೆ ಬಂದು ನೋಡಿದರು. ನಡುಬೆರಳಿನ ಉಗುರು ಸೀಳಿ ವಾರಗಟ್ಟಲೆ ಬ್ಯಾಂಡೇಜ್ ಹಾಕಿಕೊಂಡು ಓಡಾಡಿದೆ.

ಚೆಂಡು ತಿರುಗದಿದ್ದರೆ ಏನು ಮಹಾ?

ಚೆಂಡು ಎಸೆಯುವ ಪಿಚರ್ ನಿಲ್ಲುವ ಜಾಗದಿಂದ ಬ್ಯಾಟರ್ ಪಕ್ಕದ ಹೋಂ ಪ್ಲೇಟ್‌ಗೆ 60 ಅಡಿ 6 ಇಂಚು, ಅಂದರೆ 18.44 ಮೀಟರ್. ಕ್ರಿಕೆಟ್‌ನಂತೆ ಚೆಂಡು ನೆಲಕ್ಕೆ ಬಡಿದು ಏಳುವುದಿಲ್ಲ. ಏನೇ ಆಟ ತೋರಿಸಿದರೂ ಗಾಳಿಯಲ್ಲೇ ತೋರಿಸಬೇಕು. ಹೀಗಾಗಿ ಎಲ್ಲ ಪಿಚರ್‌ಗಳೂ ಚೆಂಡನ್ನು ಗಿರಗಿರನೆ ತಿರುಗಿಸುತ್ತಾರೆ. ಗಂಟೆಗೆ 150 ಕಿಲೋಮೀಟರ್ ವೇಗದ ಎಸೆತ ಬ್ಯಾಟರ್‌ನನ್ನು ತಲುಪುವಷ್ಟರಲ್ಲಿ ಸುಮಾರು ಹದಿನೈದು ಸುತ್ತು ಸುತ್ತಿರುತ್ತದೆ. ಎಷ್ಟೇ ಕಷ್ಟದ ಎಸೆತವಾದರೂ ಆ ತಿರುಗುವಿಕೆಯಲ್ಲಿ ಒಂದು ಸುಳಿವು ಇದ್ದೇ ಇರುತ್ತದೆ. ಪಳಗಿದ ಬ್ಯಾಟರ್ ಅದನ್ನು ಓದುತ್ತಾನೆ.

ನಕಲ್‌ಬಾಲ್ ದಾರಿಯುದ್ದಕ್ಕೂ ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ ಸುತ್ತು ತಿರುಗುತ್ತದೆ. ವೇಗ ಗಂಟೆಗೆ 105ರಿಂದ 125 ಕಿಲೋಮೀಟರ್. ಬೇಸ್‌ಬಾಲ್ ಚೆಂಡಿನ ಮೈಮೇಲೆ 108 ಜೋಡಿ ಹೊಲಿಗೆಗಳಿವೆ. ಒಂದು ಪಕ್ಕದಲ್ಲಿ ಉಬ್ಬಿದ ಹೊಲಿಗೆ, ಇನ್ನೊಂದು ಪಕ್ಕದಲ್ಲಿ ನುಣುಪು ಚರ್ಮ ಗಾಳಿಗೆ ಮುಖ ಕೊಟ್ಟಾಗ ಎರಡೂ ಕಡೆ ಗಾಳಿ ಒಂದೇ ರೀತಿ ಹರಿಯುವುದಿಲ್ಲ. ಚೆಂಡು ಒಂದು ಕಡೆಗೆ ತಳ್ಳಲ್ಪಡುತ್ತದೆ. ಅಷ್ಟರಲ್ಲಿ ಅದು ಮೆಲ್ಲಗೆ ಹೊರಳಿ ಹೊಲಿಗೆಯ ಜಾಗ ಬದಲಾಗಿರುತ್ತದೆ, ತಳ್ಳುವ ದಿಕ್ಕೂ ಬದಲಾಗುತ್ತದೆ. ರಾಬರ್ಟ್ ವಾಟ್ಸ್ ಮತ್ತು ಎರಿಕ್ ಸಾಯರ್ ಇದನ್ನು ಗಾಳಿ ಸುರಂಗದಲ್ಲಿ ಅಳೆದು 1975ರಲ್ಲಿ ಪ್ರಕಟಿಸಿದರು. ಒಂದಿಷ್ಟೂ ತಿರುಗದೇ ಹೋದರೆ ತಳ್ಳು ಒಂದೇ ಕಡೆಗೆ, ಬಹಳ ತಿರುಗಿದರೆ ಎಡಬಲ ತಳ್ಳುಗಳು ಒಂದನ್ನೊಂದು ತಿಂದುಹಾಕುತ್ತವೆ. ಇವೆರಡರ ನಡುವಿನ ಸಣ್ಣ ಸಂದಿಯಲ್ಲಿ ಈ ಕಸುಬು ನಿಂತಿದೆ.

ಒಂದು ಮಾತು ಸೇರಿಸಲೇಬೇಕು. ಭೌತವಿಜ್ಞಾನಿ ಅಲನ್ ನೇಥನ್ ಕ್ಯಾಮೆರಾಗಳು ದಾಖಲಿಸಿದ ಪಥಗಳನ್ನು ಪರಿಶೀಲಿಸಿ, ನಕಲ್‌ಬಾಲ್‌ನ ದಾರಿಯೂ ಇತರ ಎಸೆತಗಳಷ್ಟೇ ನಯವಾದ ವಕ್ರರೇಖೆ ಎಂದು ತೋರಿಸಿದ್ದಾರೆ. ಅಂದರೆ ನಾವು ಬೊಬ್ಬೆ ಹೊಡೆದು ಹೇಳುವ ಹಾಗೆ ಅದು ಗಾಳಿಯಲ್ಲಿ ಹಾವಿನಂತೆ ಹೊರಳಾಡುವುದಿಲ್ಲ. ಯಾವ ಕಡೆಗೆ, ಎಷ್ಟು ಬಾಗುತ್ತದೆ ಎಂಬುದು ಮಾತ್ರ ಎಸೆತದಿಂದ ಎಸೆತಕ್ಕೆ ಬೇರೆ. ವಿಜ್ಞಾನವನ್ನು ಒಪ್ಪುತ್ತೇನೆ. ತಾರಸಿಯ ಮೇಲೆ ಕಂಡದ್ದನ್ನು ಮರೆಯಲೂ ಆಗುವುದಿಲ್ಲ.

ಎಸೆದವನಿಗೇ ಚೆಂಡು ಎಲ್ಲಿಗೆ ಹೋಗುತ್ತದೆಂದು ಗೊತ್ತಿಲ್ಲದಿದ್ದರೆ ಅದರಲ್ಲಿ ಕೌಶಲವೆಲ್ಲಿ ಬಂತು?

ನನ್ನ ಮೋಹದ ಮೂಲವೇ ಈ ಪ್ರಶ್ನೆ. ಉಳಿದ ಪಿಚರ್‌ಗಳು ಚೆಂಡನ್ನು ಆಳುತ್ತಾರೆ. ಇವರು ಚೆಂಡಿಗೆ ಏನನ್ನೂ ಮಾಡದಿರುವುದನ್ನು ಹತ್ತು ಹದಿನೈದು ವರ್ಷ ಅಭ್ಯಾಸ ಮಾಡುತ್ತಾರೆ. ಎಸೆಯುವ ತೋಳು ಸಹಜವಾಗಿಯೇ ಚೆಂಡನ್ನು ತಿರುಗಿಸುತ್ತದೆ. ಆ ಸಹಜತೆಯನ್ನು ಸಾವಿರಾರು ಸಲ ಎಸೆದೆಸೆದು ಅಳಿಸಬೇಕು. ಪ್ಲೇಟಿನ ಮಧ್ಯಕ್ಕೆ ಗುರಿಯಿಟ್ಟು, ತಿರುಗದಂತೆ ಬಿಟ್ಟು, ಮುಂದಿನದನ್ನು ಗಾಳಿಗೆ ಒಪ್ಪಿಸಬೇಕು. ಕೋಟಿಗಟ್ಟಲೆ ಸಂಬಳದ ವೃತ್ತಿಯಲ್ಲಿ, ಸಾವಿರಾರು ಜನರೆದುರು, ಹಾಗೆ ಒಪ್ಪಿಸುವುದಕ್ಕೆ ಎದೆಗಾರಿಕೆ ಬೇಕು.

ಕನ್ನಡಿಗರಿಗೆ ಇದು ಅಷ್ಟೇನೂ ಅಪರಿಚಿತವಾಗಬೇಕಿಲ್ಲ. ನಮ್ಮ ಬಿ.ಎಸ್. ಚಂದ್ರಶೇಖರ್ ಪೋಲಿಯೊದಿಂದ ಸೊರಗಿದ ಬಲಗೈಯಲ್ಲಿ ಬೌಲ್ ಮಾಡಿ 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತವರು. ತಂತ್ರ ಪೂರ್ತಿ ಬೇರೆ, ಅವರು ಚೆಂಡನ್ನು ತಿರುಗಿಸುತ್ತಿದ್ದರು. ಆದರೆ ಮುಂದಿನ ಎಸೆತ ಏನು ಮಾಡೀತೋ ಎಂದು ಬ್ಯಾಟ್ಸ್‌ಮನ್ ಜೊತೆ ಪ್ರೇಕ್ಷಕರೂ ಉಸಿರು ಬಿಗಿಹಿಡಿಯುತ್ತಿದ್ದರಲ್ಲ, ನಕಲ್‌ಬಾಲ್ ನೋಡುವಾಗ ಆಗುವುದೂ ಅದೇ.

ಕ್ರಿಕೆಟ್‌ನಲ್ಲೂ ನಕಲ್ ಬಾಲ್ ಇದೆಯಲ್ಲ?

ಇದೆ. ಹೆಸರು, ಹಿಡಿತ ಎರಡೂ ಬೇಸ್‌ಬಾಲ್‌ನಿಂದ ಬಂದ ಸಾಲ. 2011ರ ವಿಶ್ವಕಪ್‌ನಲ್ಲಿ ಜಹೀರ್ ಖಾನ್ ಅದನ್ನು ಮನೆಮಾತು ಮಾಡಿದರು, ಆಮೇಲೆ ಭುವನೇಶ್ವರ್ ಕುಮಾರ್, ಆಸ್ಟ್ರೇಲಿಯಾದ ಆ್ಯಂಡ್ರೂ ಟೈ ಬಳಸಿದರು. ಆದರೆ ಅಲ್ಲಿ ಅದರ ಮುಖ್ಯ ಕೆಲಸ ವೇಗದ ಮೋಸ: ತೋಳು ಜೋರಾಗಿ ಬೀಸುತ್ತದೆ, ಚೆಂಡು ನಿಧಾನವಾಗಿ ಬರುತ್ತದೆ. ಒಂದು ಓವರಿನಲ್ಲಿ ಒಂದೋ ಎರಡೋ ಹಾಕುತ್ತಾರೆ. ಬೇಸ್‌ಬಾಲ್‌ನ ನಕಲ್‌ಬಾಲರ್‌ಗಳು ಅದನ್ನೇ ಇಡೀ ದಿನದ ಊಟ ಮಾಡಿಕೊಂಡವರು.

ಕ್ಯಾಚರ್‌ನ ಪಾಡೇನು?

ದೇವರೇ ಗತಿ. ಕ್ಯಾಚರ್ ಎಂದರೆ ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವನು, ಬೇಸ್‌ಬಾಲ್‌ನ ಕೀಪರ್. ಚಂದ್ರ ಅವರ ಬೌಲಿಂಗ್‌ಗೆ ಕಿರ್ಮಾನಿ ಕೀಪಿಂಗ್ ಮಾಡಿದ್ದನ್ನು ನೋಡಿದವರಿಗೆ ಅಂದಾಜು ಸಿಕ್ಕೀತು. ಎಸೆದವನಿಗೇ ಗೊತ್ತಿಲ್ಲದ ಜಾಗಕ್ಕೆ ಕೈಗವಸು ಒಯ್ಯಬೇಕು.

ಬಾಬ್ ಯೂಕರ್ ಎಂಬ ಕ್ಯಾಚರ್ 1967ರಲ್ಲಿ ಅಟ್ಲಾಂಟಾದಲ್ಲಿ ಫಿಲ್ ನೀಕ್ರೊ ಅವರ ಎಸೆತಗಳನ್ನು ಹಿಡಿಯಲು ಹೋಗಿ, ಹಿಡಿಯಬಹುದಾಗಿದ್ದೂ ಕೈಜಾರಿದ ಚೆಂಡುಗಳ ಪಟ್ಟಿಯಲ್ಲಿ 27ರೊಂದಿಗೆ ಲೀಗಿಗೇ ಮೊದಲಿಗರಾದರು. ಮುಂದೆ ವೀಕ್ಷಕ ವಿವರಣೆಕಾರರಾಗಿ ಹೆಸರು ಮಾಡಿದ ಯೂಕರ್ ಹೇಳಿಕೊಟ್ಟ ಉಪಾಯ ಇದು: ನಕಲ್‌ಬಾಲ್ ಉರುಳುವುದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಹೋಗಿ ಎತ್ತಿಕೊಳ್ಳಿ. 1987ರಲ್ಲಿ ಚಾರ್ಲಿ ಹಫ್ ಎಸೆತಗಳಿಗೆ ಕುಳಿತ ಜೀನೊ ಪೆಟ್ರಾಲಿ ಆ ವರ್ಷ ಬಿಟ್ಟದ್ದು 35. ಅದಕ್ಕೂ ಮೊದಲು, 1960ರಲ್ಲಿ, ಬಾಲ್ಟಿಮೋರ್ ವ್ಯವಸ್ಥಾಪಕ ಪಾಲ್ ರಿಚರ್ಡ್ಸ್ ತಮ್ಮ ಕ್ಯಾಚರ್‌ಗೆ ಮೊರದಷ್ಟು ದೊಡ್ಡ ಕೈಗವಸು ಮಾಡಿಸಿಕೊಟ್ಟಿದ್ದರು. ಸುತ್ತಳತೆ 38 ಇಂಚು ಮೀರಬಾರದು ಎಂಬ ನಿಯಮ ಆಮೇಲೆ ಬಂತು.

ನನಗೆ ಅತ್ಯಂತ ಪ್ರಿಯವಾದ ಕಥೆ 2006ರದು. ಬಾಸ್ಟನ್ ರೆಡ್ ಸಾಕ್ಸ್ ತಂಡ ಟಿಮ್ ವೇಕ್‌ಫೀಲ್ಡ್ ಎಸೆತಗಳನ್ನು ವರ್ಷಾನುಗಟ್ಟಲೆ ಹಿಡಿದಿದ್ದ ಡಗ್ ಮಿರಬೆಲಿಯನ್ನು ಸ್ಯಾನ್ ಡಿಯೆಗೊಗೆ ಬಿಟ್ಟುಕೊಟ್ಟಿತು. ಹೊಸದಾಗಿ ಬಂದ ಜಾಶ್ ಬಾರ್ಡ್ ಒಂದೇ ತಿಂಗಳಲ್ಲಿ 10 ಚೆಂಡು ಬಿಟ್ಟರು. ತಪ್ಪಿನ ಅರಿವಾಗಿ ಮೇ 1ರಂದು ಮಿರಬೆಲಿಯನ್ನು ವಾಪಸ್ ಕೊಂಡರು. ಅಂದು ಸಂಜೆಯೇ ಯಾಂಕೀಸ್ ವಿರುದ್ಧ ವೇಕ್‌ಫೀಲ್ಡ್ ಎಸೆಯಬೇಕು. ವಿಮಾನ ಇಳಿದದ್ದು ಆಟ ಶುರುವಾಗಲು ಇನ್ನೇನು ನಿಮಿಷಗಳಿರುವಾಗ. ಪೊಲೀಸ್ ವಾಹನ ಮುಂದೆ ಸೈರನ್ ಹಾಕಿಕೊಂಡು ಓಡಿತು, ಹಿಂದಿನ ಸೀಟಿನಲ್ಲಿ ಮಿರಬೆಲಿ ಪ್ಯಾಂಟು ಶರ್ಟು ಕಳಚಿ ಸಮವಸ್ತ್ರ ಹಾಕಿಕೊಂಡರು, ಕಾರಿನಿಂದ ಇಳಿದವರೇ ಮೈದಾನಕ್ಕೆ ಬಂದು ಪ್ಲೇಟ್ ಹಿಂದೆ ಕುಳಿತರು. ಬಾಸ್ಟನ್ 7-3ರಿಂದ ಗೆದ್ದಿತು. ದೊಡ್ಡ ಹೊಡೆತಗಾರನಿಗಾಗಿ ಪೊಲೀಸ್ ಬೆಂಗಾವಲು ಎಂದರೆ ಸರಿ. ಇದು ಒಬ್ಬ ಮೀಸಲು ಕ್ಯಾಚರ್‌ಗೆ ಸಿಕ್ಕ ಮರ್ಯಾದೆ.

ಇದು ಮುದುಕರ ಎಸೆತವಂತೆ, ಹೌದೇ?

ಹೌದು, ಮತ್ತು ಅದೇ ಚಂದ. ಪೂರ್ತಿ ಬಲ ಹಾಕಿ ಎಸೆಯಬೇಕಾಗಿಲ್ಲವಾದ್ದರಿಂದ ತೋಳು ಬೇಗ ಸವೆಯುವುದಿಲ್ಲ.

ಹೊಯ್ಟ್ ವಿಲ್ಹೆಲ್ಮ್ ಹುಡುಗನಾಗಿದ್ದಾಗ ಡಚ್ ಲೆನರ್ಡ್ ಎಂಬ ನಕಲ್‌ಬಾಲರ್‌ನ ಹಿಡಿತವನ್ನು ಪತ್ರಿಕೆಯ ಚಿತ್ರದಲ್ಲಿ ನೋಡಿ ಕಲಿತವರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಹಿಂತಿರುಗಿ, ಅಮೆರಿಕದ ಬೇಸ್‌ಬಾಲ್‌ನ ಅತ್ಯುನ್ನತ ಮಟ್ಟವಾದ ಮೇಜರ್ ಲೀಗ್ ಮುಟ್ಟಿದ್ದು 1952ರಲ್ಲಿ, 29ನೆಯ ವಯಸ್ಸಿಗೆ. ಬ್ಯಾಟ್ ಹಿಡಿದ ಮೊದಲ ಸರದಿಯಲ್ಲೇ ಹೋಂ ರನ್ (ನಮ್ಮ ಸಿಕ್ಸರ್‌ನಂಥದು) ಹೊಡೆದರು; ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇನ್ನೊಂದು ಹೊಡೆಯಲಿಲ್ಲ. ಕೊನೆಯ ಪಂದ್ಯ ಆಡಿದ್ದು 1972ರ ಜುಲೈನಲ್ಲಿ, ಐವತ್ತು ತುಂಬಲು ಹದಿನೈದು ಇಪ್ಪತ್ತು ದಿನ ಬಾಕಿ ಇರುವಾಗ.

ಬೇಸ್‌ಬಾಲ್‌ನಲ್ಲಿ ತಂಡದ ಗೆಲುವು ಸೋಲನ್ನು ಒಬ್ಬ ಪಿಚರ್‌ನ ಹೆಸರಿಗೂ ಬರೆಯುತ್ತಾರೆ. ಫಿಲ್ ನೀಕ್ರೊ 48ರವರೆಗೆ ಆಡಿ 318 ಪಂದ್ಯ ಗೆದ್ದರು. ಅದರಲ್ಲಿ 121 ಗೆಲುವು ನಲವತ್ತು ದಾಟಿದ ಮೇಲಿನವು. ಮುನ್ನೂರನೆಯದು 1985ರ ಅಕ್ಟೋಬರ್ 6ರಂದು, ಟೊರಾಂಟೊ ವಿರುದ್ಧ. ಆ ದಿನ ಅವರು ಒಂದು ಕಿಡಿಗೇಡಿತನ ಮಾಡಿದರು: ಬದುಕು ಕಟ್ಟಿಕೊಟ್ಟ ನಕಲ್‌ಬಾಲನ್ನು ಮುಟ್ಟದೆ, ಸಾಧಾರಣ ಎಸೆತಗಳಿಂದಲೇ ಒಂಬತ್ತು ಇನ್ನಿಂಗ್ಸ್ ಸಾಗಿಸಿದರು. ಕೊನೆಯ ಬ್ಯಾಟರ್ ಜೆಫ್ ಬರೋಸ್ ಎದುರು ನಿಂತಾಗ ಮಾತ್ರ ನಕಲ್‌ಬಾಲ್ ತೆಗೆದು ಔಟ್ ಮಾಡಿದರು. ಫಲಿತಾಂಶ 8-0, ವಯಸ್ಸು 46. ಇದಿಲ್ಲದೆಯೂ ನಾನು ಪಿಚರೇ ಎಂದು ಜಗತ್ತಿಗೆ ತೋರಿಸಿ, ಮುಗಿಸುವಾಗ ಹಳೆಯ ಗೆಳೆಯನನ್ನು ಕರೆದಂತೆ.

ನೀಕ್ರೊ ಎಂಬ ಹೆಸರಿನವರು ಇಬ್ಬರಿದ್ದರಲ್ಲವೇ?

ಅಣ್ಣ ಫಿಲ್, ತಮ್ಮ ಜೋ. ಓಹಾಯೋದ ಕಲ್ಲಿದ್ದಲು ಗಣಿಯಲ್ಲಿ ದುಡಿಯುತ್ತಿದ್ದ ಅಪ್ಪ ಮನೆಯ ಹಿತ್ತಲಲ್ಲಿ ಮಕ್ಕಳಿಗೆ ಈ ಎಸೆತ ಹೇಳಿಕೊಟ್ಟರು. ಇಬ್ಬರೂ ಸೇರಿ ಗೆದ್ದದ್ದು 539 ಪಂದ್ಯ, ಸಹೋದರರ ಪೈಕಿ ದಾಖಲೆ. ಜೋ ತಮ್ಮ ಇಡೀ ವೃತ್ತಿಜೀವನದಲ್ಲಿ ಹೊಡೆದದ್ದು ಒಂದೇ ಹೋಂ ರನ್, ಅದೂ 1976ರಲ್ಲಿ ಸ್ವಂತ ಅಣ್ಣನ ಎಸೆತಕ್ಕೆ. ಹಬ್ಬಹರಿದಿನಗಳಲ್ಲಿ ಆ ಮನೆಯಲ್ಲಿ ಇದು ಎಷ್ಟು ಸಲ ಮಾತಿಗೆ ಬಂದಿರಬಹುದು!

ಜೋ ಅವರ ಇನ್ನೊಂದು ಪ್ರಸಂಗ 1987ರ ಆಗಸ್ಟ್‌ನದು. ಚೆಂಡನ್ನು ಕೆರೆಯುತ್ತಿದ್ದಾರೆಂಬ ಅನುಮಾನದಿಂದ ಅಂಪೈರ್‌ಗಳು ಸುತ್ತುವರಿದು ಜೇಬು ತೋರಿಸಿ ಎಂದರು. ಜೋ ಹಿಂದಿನ ಜೇಬುಗಳನ್ನು ಹೊರಗೆಳೆದು, ಏನೂ ಇಲ್ಲ ನೋಡಿ ಎನ್ನುವಂತೆ ಎರಡೂ ಕೈ ಮೇಲೆತ್ತಿದರು. ಎತ್ತಿದ ರಭಸಕ್ಕೆ ಉಗುರು ಉಜ್ಜುವ ಪಟ್ಟಿಯೊಂದು ಹಾರಿ ಹುಲ್ಲಿನ ಮೇಲೆ ಬಿತ್ತು. ನಕಲ್‌ಬಾಲ್ ಎಸೆಯುವವನಿಗೆ ಉಗುರು ತಿದ್ದಿಕೊಳ್ಳುವುದು ಬೇಡವೇ ಎಂಬುದು ಅವರ ವಾದ. ಹತ್ತು ದಿನ ಅಮಾನತು. ಉಗುರು ಸೀಳಿಕೊಂಡ ನನ್ನ ಸಹಾನುಭೂತಿ ಜೋ ಕಡೆಗೇ, ಆದರೆ ಜೇಬಿನಲ್ಲಿ ಮರಳು ಕಾಗದದ ಚೂರೂ ಇತ್ತು ಎಂಬುದನ್ನು ಮುಚ್ಚಿಡಲಾರೆ.

ಒಬ್ಬರ ಬಗ್ಗೆ ಮಾತ್ರ ತಿಳಿದುಕೊಳ್ಳುವುದಾದರೆ ಯಾರು?

ಟಿಮ್ ವೇಕ್‌ಫೀಲ್ಡ್. 1988ರಲ್ಲಿ ಪಿಟ್ಸ್‌ಬರ್ಗ್ ಅವರನ್ನು ಆರಿಸಿಕೊಂಡದ್ದು ಹೊಡೆತಗಾರನೆಂದು. ಆ ಹೊಡೆತ ಮೇಲಿನ ಮಟ್ಟಕ್ಕೆ ಸಾಲದು ಎಂದು ಬೇಗ ತಿಳಿಯಿತು. ಅಭ್ಯಾಸದ ನಡುವೆ ಮೋಜಿಗೆ ಎಸೆಯುತ್ತಿದ್ದ ನಕಲ್‌ಬಾಲ್ ತರಬೇತುದಾರರ ಕಣ್ಣಿಗೆ ಬಿದ್ದು ಕೆಲಸ ಉಳಿಯಿತು. 1992ರಲ್ಲಿ ಬಂದವರೇ 8 ಗೆದ್ದು 1 ಸೋತರು. ಮರುವರ್ಷ ಎಸೆತ ಕೈಬಿಟ್ಟು ಹೋಯಿತು, 1995ರಲ್ಲಿ ತಂಡವೂ ಕೈಬಿಟ್ಟಿತು. ನೀಕ್ರೊ ಸಹೋದರರ ಬಳಿ ಕಲಿತು ಬಾಸ್ಟನ್ ಸೇರಿ, ಅದೇ ವರ್ಷ ಗೆಲುವೋ ಸೋಲೋ ತಮ್ಮ ಹೆಸರಿಗೆ ಬಂದ ಮೊದಲ 15 ಪಂದ್ಯಗಳಲ್ಲಿ 14 ಗೆದ್ದರು. ಅಲ್ಲಿ 17 ವರ್ಷ ಉಳಿದರು.

2003ರ ಅಕ್ಟೋಬರ್ 16. ವಿಶ್ವ ಸರಣಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವ ಲೀಗ್ ಚಾಂಪಿಯನ್‌ಷಿಪ್ ಸರಣಿ, ಯಾಂಕೀಸ್ ವಿರುದ್ಧ ಏಳನೆಯ ಪಂದ್ಯ, ಹನ್ನೊಂದನೆಯ ಇನ್ನಿಂಗ್ಸ್. ಆ ಇನ್ನಿಂಗ್ಸ್‌ನಲ್ಲಿ ವೇಕ್‌ಫೀಲ್ಡ್ ಎಸೆದ ಮೊದಲ ಚೆಂಡನ್ನೇ ಆರನ್ ಬೂನ್ ಪ್ರೇಕ್ಷಕರ ನಡುವೆ ಹೊಡೆದರು. ಸರಣಿ ಮುಗಿಯಿತು. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ವೇಕ್‌ಫೀಲ್ಡ್ ತಲೆತಗ್ಗಿಸಿ ನಡೆಯತೊಡಗಿದ್ದರು. ಆ ಸರಣಿಯಲ್ಲಿ ಬಾಸ್ಟನ್ ಗೆದ್ದ ಮೂರರಲ್ಲಿ ಎರಡು ಗೆಲುವು ಅವರವೇ ಆಗಿದ್ದವು.

ಸರಿಯಾಗಿ ಒಂದು ವರ್ಷ ಕಳೆದು ಅದೇ ಯಾಂಕೀಸ್, ಅದೇ ಹಂತ. ಮೂರನೆಯ ಪಂದ್ಯದಲ್ಲಿ ತಂಡ ಮುಳುಗುತ್ತಿತ್ತು, ಕೊನೆಗೆ ಸೋತದ್ದು 19-8ರಿಂದ. ಉಳಿದ ಪಿಚರ್‌ಗಳ ತೋಳು ಉಳಿಯಲೆಂದು, ಮರುದಿನ ತಮಗಿದ್ದ ಆರಂಭದ ಅವಕಾಶ ಬಿಟ್ಟುಕೊಟ್ಟು ಇವರು ಏಟು ತಿನ್ನಲು ಹೋದರು. ಎರಡು ದಿನಗಳ ನಂತರ ಐದನೆಯ ಪಂದ್ಯ ಹದಿನಾಲ್ಕು ಇನ್ನಿಂಗ್ಸ್‌ಗೆ ಎಳೆಯಿತು. ಹದಿಮೂರನೆಯದರಲ್ಲಿ, ರೂಢಿಯಿಲ್ಲದ ಕ್ಯಾಚರ್ ಜೇಸನ್ ವೆರಿಟೆಕ್ ಕೈಯಿಂದ ಮೂರು ಚೆಂಡು ಜಾರಿದವು. ಪ್ರತಿ ಚೆಂಡೂ ಹಿಂದಕ್ಕೆ ಓಡುವಾಗ ಒಂದು ನಗರದ ಹೊಟ್ಟೆಯಲ್ಲಿ ಸಂಕಟ. ವೇಕ್‌ಫೀಲ್ಡ್ ಮತ್ತೆ ಅದನ್ನೇ ಎಸೆದರು, ಬ್ಯಾಟರ್ ಬೀಸಿ ತಪ್ಪಿದರು, ಈ ಸಲ ವೆರಿಟೆಕ್ ಹಿಡಿದರು. ಬಾಸ್ಟನ್ ಗೆದ್ದಿತು, ಆ ತಿಂಗಳ ಕೊನೆಗೆ 86 ವರ್ಷಗಳ ನಂತರ ವಿಶ್ವ ಸರಣಿಯನ್ನೂ ಗೆದ್ದಿತು. ಒಟ್ಟು 200 ಗೆಲುವುಗಳೊಂದಿಗೆ ನಿವೃತ್ತರಾದ ವೇಕ್‌ಫೀಲ್ಡ್ 2023ರ ಅಕ್ಟೋಬರ್ 1ರಂದು, 57ನೆಯ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಂದು ಬೆಳಗಿನ ಕಾಫಿ ತಣ್ಣಗಾಗಿ ಹೋಯಿತು.

ನಕಲ್‌ಬಾಲರ್ ಆರ್.ಎ. ಡಿಕಿಗೂ ಭಾರತಕ್ಕೂ ಏನೋ ನಂಟಿದೆಯಂತೆ?

ಇದೆ. ಮೊದಲು ಅವರ ಕಥೆ ಕೇಳಿ. 1996ರಲ್ಲಿ ಟೆಕ್ಸಸ್ ರೇಂಜರ್ಸ್ ಅವರಿಗೆ 8,10,000 ಡಾಲರ್ ಕೊಡಲು ಒಪ್ಪಿತ್ತು. ಒಂದು ನಿಯತಕಾಲಿಕದ ಮುಖಪುಟದ ಚಿತ್ರದಲ್ಲಿ ಅವರ ಬಲಗೈ ಯಾಕೋ ವಿಚಿತ್ರವಾಗಿ ನೇತಾಡುವುದನ್ನು ತಂಡದ ವೈದ್ಯಕೀಯ ಸಿಬ್ಬಂದಿ ಗಮನಿಸಿ ಪರೀಕ್ಷೆ ಮಾಡಿಸಿದರು. ಪಿಚರ್‌ಗಳಿಗೆ ಅತ್ಯಗತ್ಯವಾದ ಮೊಣಕೈಯ ಅಸ್ಥಿರಜ್ಜು ಡಿಕಿ ಅವರಿಗೆ ಇರಲೇ ಇಲ್ಲ! ಮೊತ್ತ 75,000ಕ್ಕೆ ಇಳಿಯಿತು. ಹತ್ತು ವರ್ಷ ಒದ್ದಾಡಿ, ಬೇರೆ ದಾರಿ ಕಾಣದೆ ನಕಲ್‌ಬಾಲ್ ಹಿಡಿದರು. 2006ರ ಏಪ್ರಿಲ್‌ನಲ್ಲಿ ಅದರೊಂದಿಗೆ ಮೊದಲ ಸಲ ಇಳಿದಾಗ ಡೆಟ್ರಾಯಿಟ್ ಬ್ಯಾಟರ್‌ಗಳು ಆರು ಹೋಂ ರನ್ ಹೊಡೆದರು. ನಕಲ್‌ಬಾಲ್‌ಗೆ ಹೊಡೆಯಲು ಆಗುವುದೇ ಇಲ್ಲವೇ ಎಂದು ಕೇಳುವವರಿಗೂ ಇದೇ ಉತ್ತರ: ತಿರುಗಿದ ನಕಲ್‌ಬಾಲ್‌ನಷ್ಟು ಸುಲಭದ ತುತ್ತು ಮತ್ತೊಂದಿಲ್ಲ.

ಡಿಕಿ ಹಫ್ ಬಳಿ ಹಿಡಿತ ತಿದ್ದಿಸಿಕೊಂಡರು, ನೀಕ್ರೊ ಬಳಿ ಹೋದರು. ಎದುರಾಳಿ ತಂಡದವರಾದ ವೇಕ್‌ಫೀಲ್ಡ್ ಕೂಡ ಕರೆದು ತೋರಿಸಿಕೊಟ್ಟರು. ಈ ಗುಂಪಿನಲ್ಲಿ ವಿದ್ಯೆ ಬಚ್ಚಿಡುವ ಪದ್ಧತಿಯಿಲ್ಲ. ಇರುವವರೇ ಬೆರಳೆಣಿಕೆಯಷ್ಟು ಜನ, ಅದನ್ನೂ ಬಚ್ಚಿಟ್ಟರೆ ಮನೆತನವೇ ಮುಗಿದಂತೆ. 2012ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪರವಾಗಿ 20 ಗೆದ್ದು 6 ಸೋತು, 230 ಸಲ ಬ್ಯಾಟರ್‌ಗಳನ್ನು ಸ್ಟ್ರೈಕ್ ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿ, ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ ಮೊದಲ ನಕಲ್‌ಬಾಲರ್ ಆದರು. ವಯಸ್ಸು 38.

ಆ ವರ್ಷದ ಜನವರಿಯಲ್ಲಿ ಅವರು ಕಿಲಿಮಂಜಾರೊ ಹತ್ತಿದ್ದರು. ಗಾಯವಾದರೆ ಸಂಬಳಕ್ಕೆ ನಾವು ಹೊಣೆಯಲ್ಲ ಎಂದು ತಂಡ ಎಚ್ಚರಿಸಿದರೂ ಹತ್ತಿದರು. ಸಂಗ್ರಹವಾದ ಒಂದು ಲಕ್ಷ ಡಾಲರ್‌ಗೂ ಹೆಚ್ಚು ಹಣ ಹೋದದ್ದು ಮುಂಬೈಯಲ್ಲಿ ಮಾನವ ಕಳ್ಳಸಾಗಣೆಯ ವಿರುದ್ಧ ದುಡಿಯುವ ಬಾಂಬೆ ಟೀನ್ ಚಾಲೆಂಜ್ ಸಂಸ್ಥೆಗೆ. ಮರುವರ್ಷ ತಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಮುಂಬೈಗೂ ಬಂದರು.

ಹೆಣ್ಣುಮಕ್ಕಳು ಎಸೆಯುತ್ತಾರೆಯೇ?

ಎಸೆಯುತ್ತಾರೆ. ತೋಳಿನ ಬಲ ಇಲ್ಲಿ ಎರಡನೆಯ ಮಾತು. ಜಪಾನಿನ ಎರಿ ಯೋಶಿದಾ ವೇಕ್‌ಫೀಲ್ಡ್ ಅವರ ವಿಡಿಯೊ ನೋಡಿ ಕಲಿತು, 2008ರಲ್ಲಿ 16ನೆಯ ವಯಸ್ಸಿನಲ್ಲಿ ಕೋಬೆಯ ಪುರುಷರ ವೃತ್ತಿಪರ ತಂಡಕ್ಕೆ ಆಯ್ಕೆಯಾದರು. 2010ರಲ್ಲಿ ಅಮೆರಿಕಕ್ಕೆ ಬಂದಾಗ ವೇಕ್‌ಫೀಲ್ಡ್ ಅವರೇ ಎದುರು ನಿಂತು ಎಸೆತ ನೋಡಿದರು.

ಈಗ ಯಾಕೆ ಯಾರೂ ಕಾಣುವುದಿಲ್ಲ?

ಹುಡುಗರನ್ನು ಆರಿಸುವವರು ವೇಗ ಅಳೆಯುವ ಯಂತ್ರ ಹಿಡಿದು ಬರುತ್ತಾರೆ. 110 ಎಂದು ತೋರಿಸಿದರೆ ಮುಂದಕ್ಕೆ ನಡೆಯುತ್ತಾರೆ. ಒಬ್ಬನನ್ನು ಹುರಿಗೊಳಿಸಲು ಐದಾರು ವರ್ಷ ಕಾಯುವ ತಾಳ್ಮೆ ಯಾವ ತಂಡಕ್ಕೂ ಇಲ್ಲ, ಹೇಳಿಕೊಡಲು ಬಲ್ಲ ತರಬೇತುದಾರರೂ ಇಲ್ಲ. 1945ರಲ್ಲಿ ವಾಷಿಂಗ್ಟನ್ ತಂಡದ ಆರಂಭಿಕ ಪಿಚರ್‌ಗಳಲ್ಲಿ ನಾಲ್ವರು ನಕಲ್‌ಬಾಲರ್‌ಗಳಿದ್ದರು, ತಂಡ ಎರಡನೆಯ ಸ್ಥಾನ ಪಡೆಯಿತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. 2023ರಲ್ಲಿ ಸ್ಯಾನ್ ಡಿಯೆಗೊ ಪರವಾಗಿ ಮ್ಯಾಟ್ ವಾಲ್ಡ್ರನ್ ಬಂದಾಗ ಅದೇ ದೊಡ್ಡ ಸುದ್ದಿಯಾಯಿತು. ಅವರೂ ಇತರ ಎಸೆತಗಳ ನಡುವೆ ಇದನ್ನು ಬೆರೆಸುವವರು, ಇದನ್ನೇ ನಂಬಿ ಕೂತವರಲ್ಲ.

ಹಳೆಯ ಪಂದ್ಯಗಳ ವಿಡಿಯೊ ಸಿಕ್ಕರೆ ಏನನ್ನು ಗಮನಿಸಬೇಕು?

ಬ್ಯಾಟರ್‌ನನ್ನು ಬಿಡಿ. ಮೊದಲ ಐದಾರು ಎಸೆತ ಕ್ಯಾಚರ್‌ನ ಕೈಗವಸನ್ನೇ ನೋಡಿ: ಬೇರೆ ಪಿಚರ್‌ಗಳಿಗೆ ಅದು ಒಂದು ಜಾಗದಲ್ಲಿ ಕಾಯುತ್ತದೆ, ಇಲ್ಲಿ ನೊಣ ಹಿಡಿಯುವವನ ಕೈಯಂತೆ ಕೊನೆಯ ಕ್ಷಣದಲ್ಲಿ ಹಾರುತ್ತದೆ. ಆಮೇಲೆ ಪಿಚರ್‌ನ ಹಿಂದಿನ ಕ್ಯಾಮೆರಾದಿಂದ ನಿಧಾನಗತಿಯಲ್ಲಿ ತೋರಿಸುವಾಗ ಚೆಂಡಿನ ಮೈ ನೋಡಿ. ಕೆಂಪು ಹೊಲಿಗೆ ಮಸುಕಾಗದೆ ಎಳೆ ಎಳೆಯಾಗಿ ಕಾಣುತ್ತಿದ್ದರೆ, ಮೇಲೆ ಅಚ್ಚಾದ ಅಕ್ಷರಗಳು ಓದುವಂತಿದ್ದರೆ, ಅದು ಒಳ್ಳೆಯ ನಕಲ್‌ಬಾಲ್. ಈಗ ಬ್ಯಾಟರ್‌ನ ಮುಖ ನೋಡಬಹುದು.